ತಾರೀಖಿಲ್ಲದ ಚೀಟಿ

ಹನ್ನೊಂದನೆಯ ಕಂತು

"ಅಕ್ಷರದ ಅನುಕ್ರಮ ಕೆಡಿಸಬ್ಯಾಡ್ರಿ ಅಯ್ಯಾರ, ಕೈ ಮುಗಿತೀನಿ," ಎಂದು ಗುರುಪುತ್ರಪ್ಪನವರು ಮೂರನೆಯ ಸಲ ಹೇಳಿದರು.

ಆಗಲೇ ಕೆಡಿಸಿ ಆಗಿತ್ತು. ಖಡೇಬಜಾರದ ಅವರ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಪೋಸ್ಟ್‌ಕಾರ್ಡ್ ಅಳತೆಯ ಚೀಟಿಗಳನ್ನು ಹಾಸಿಕೊಂಡು ನಾನು ಮೊಣಕಾಲೂರಿ ಕುಳಿತಿದ್ದೆ. ಮೂವತ್ತೊಂದು ವರ್ಷ ಪೊಲೀಸ್ ಖಾತೆಯಲ್ಲಿ ಸವೆದ ಮೊಣಕಾಲು. ಪಿಂಚಣಿ ಬಂದ ಮೇಲೆ ಅದು ನನ್ನ ಮಾತು ಕೇಳುವುದನ್ನು ಬಿಟ್ಟಿದೆ.

"ಇಪ್ಪತ್ತೊಂದು ವರ್ಷದಿಂದ ಮಾಸ್ತರ ಚೀಟಿ ಬಂದಂಗ ಬಂದಂಗ ಎ, ಬಿ, ಸಿ ನೋಡಿ ಡಬ್ಬಿಗಿ ಹಾಕೀನಿ. ಈಗ ನೀವು ತಾರೀಖಿನ ಪ್ರಕಾರ ಜೋಡಿಸಿದರ ಕೋಶ ಹೋಗಿ ಪಂಚಾಂಗ ಆಗತೈತಿ."

"ಆಗಲಿ ಬಿಡ್ರಿ," ಎಂದೆ. "ಇಂಗ್ಲಿಷ್ ಕೋಶ ನನಗ ಓದಾಕ ಬರೂದಿಲ್ಲ. ಪಂಚಾಂಗ ಬರತೈತಿ."

ಮಾತು ತಮಾಷೆಯದು, ಹೊತ್ತು ತಮಾಷೆಯದಾಗಿರಲಿಲ್ಲ. ಜನವರಿ ಐದರ ಶುಕ್ರವಾರ ಖಾನಾಪುರದ ಹತ್ತಿರ ರೈಲು ಹಳಿಯ ಮೇಲೆ ಮುಖ ಗುರುತು ಸಿಗದ ಒಂದು ಹೆಣ ಸಿಕ್ಕಿತ್ತು. ಅದರ ಮೈಮೇಲೆ ಈ ಚೀಟಿಗಳನ್ನು ಬರೆದ ಧರಣೇಂದ್ರ ಮಾಸ್ತರರ ಕಂದು ಕೋಟು, ಜೇಬಿನಲ್ಲಿ ಅವರ ಕನ್ನಡಕ. ಹೆಣವನ್ನು ಪೊಲೀಸರೇ ದಹನ ಮಾಡಿಸಿದರು. ನಾಳೆ, ಗುರುವಾರ ಮಧ್ಯಾಹ್ನ, ಮಾಸ್ತರರ ಮಗಳು ರತ್ನಮಾಲಾ ಖಾನಾಪುರ ಠಾಣೆಗೆ ಹೋಗಿ ಸಹಿ ಹಾಕಬೇಕಾಗಿತ್ತು. ಹಾಕಿದರೆ ಮಾಸ್ತರರು ಸತ್ತಂತೆ. ಆಮೇಲೆ ಅವರನ್ನು ಹುಡುಕುವವರು ಯಾರೂ ಇರುವುದಿಲ್ಲ.

ರತ್ನಮಾಲಾ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕುಳಿತಿದ್ದಳು. ಮೂವತ್ತೇಳು ವರ್ಷ, ಮದುವೆಯಿಲ್ಲ, ಟಿಳಕವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಬಾಯಾರು. ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಅಪ್ಪನೊಡನೆ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಹಾಗಿದ್ದೂ ನನ್ನ ಶಹಾಪುರದ ಮನೆಯ ಬಾಗಿಲು ತಟ್ಟಿ, "ಆ ಹೆಣ ಅಪ್ಪಂದು ಅಂತ ನನಗ ಅನ್ನಸವಲ್ದು ಕಾಕಾ," ಎಂದವಳು ಇವಳೇ.

ಮಾಸ್ತರರು ಖಾನಾಪುರದ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕುಳಿತು ಕಟ್ಟುತ್ತಿದ್ದದ್ದು ದೊಡ್ಡ ಕೋಶವೇನಲ್ಲ. ಮನುಷ್ಯರ, ವಸ್ತುಗಳ ಗುಣ ಹೇಳುವ ಇಂಗ್ಲಿಷ್ ಶಬ್ದಗಳು ಮಾತ್ರ. ಒಂದು ಶಬ್ದಕ್ಕೆ ಒಂದು ಚೀಟಿ. ಅದರಲ್ಲಿ ಅರ್ಥ, ಮೂಲ, ಪ್ರಯೋಗ ಎಂದು ಮೂರು ಭಾಗ, ಬಲಗಡೆಯ ಮೂಲೆಯಲ್ಲಿ ತಾರೀಖು. ಪ್ರಯೋಗದ ವಾಕ್ಯವನ್ನು ಅವರು ಇನ್ನೊಬ್ಬರ ಪುಸ್ತಕದಿಂದ ಎತ್ತುತ್ತಿರಲಿಲ್ಲ, ಮನಸ್ಸಿನಿಂದ ಹುಟ್ಟಿಸುತ್ತಲೂ ಇರಲಿಲ್ಲ. ಅವತ್ತು ಕಣ್ಣಾರೆ ಕಂಡದ್ದನ್ನೇ ಕನ್ನಡದಲ್ಲಿ ಬರೆದು, ಆ ಇಂಗ್ಲಿಷ್ ಶಬ್ದವನ್ನು ನಡುವೆ ಕೂರಿಸುತ್ತಿದ್ದರು. ದಿನಕ್ಕೊಂದಾದರೂ ಚೀಟಿ ಬರೆಯದೆ ಮಲಗಿದ ಮನುಷ್ಯನಲ್ಲ. ಪ್ರತಿ ಶನಿವಾರ ಅವರ ಮನೆಯೊಡತಿ ಸತ್ಯವ್ವ ಕಟ್ಟನ್ನು, ಕೋಶ ಅಚ್ಚು ಹಾಕಲಿದ್ದ ಗುರುಪುತ್ರಪ್ಪನವರ ಹೆಸರಿಗೆ ಪೋಸ್ಟಿಗೆ ಹಾಕುತ್ತಿದ್ದಳು.

ಹೆಣ ಸಿಕ್ಕ ಮೇಲೂ ಎರಡು ಕಟ್ಟು ಬಂದಿದ್ದವು. ಹಳೆಯ ಚೀಟಿ ಉಳಿದಿದ್ದವು, ಮುದುಕಿ ರೂಢಿಯಂತೆ ಹಾಕಿದ್ದಾಳೆ ಎಂದು ಪೊಲೀಸರು ಅದನ್ನು ಅಷ್ಟಕ್ಕೇ ಬಿಟ್ಟರು. ನಾನು ಬಿಡಲಿಲ್ಲ. ಬಿಡದ್ದಕ್ಕೆ ಬುದ್ಧಿವಂತಿಕೆ ಕಾರಣವಲ್ಲ. ಮನೆಗೆ ಹೋದರೆ ಮಾತಾಡಿಸುವವರಿಲ್ಲ. ಹೆಂಡತಿ ಕಾಂತಾ ತೀರಿಕೊಂಡ ಮೇಲೆ ಖಾನಾವಳಿಯ ಊಟ, ಆಮೇಲೆ ಗೋಡೆ. ಹೊತ್ತು ಕಳೆಯಲು ಯಾರದಾದರೂ ಬದುಕು ಬೇಕಿತ್ತು.

"ಕಾಕಾ," ಎಂದಳು ರತ್ನಮಾಲಾ. ದನಿ ಬೇರೆಯಾಗಿತ್ತು. "ಗುರುವಾರದ ಚೀಟಿ ಅಷ್ಟ ಬ್ಯಾರೆ ತಗೀರಿ."

"ಯಾಕ?"

"ತಗೀರಿ, ಹೇಳ್ತೀನಿ."

ಗೋಡೆಯ ಹಳೆಯ ಕ್ಯಾಲೆಂಡರ್ ನೋಡಿ ನೋಡಿ ತೆಗೆದೆ. ಹೋದ ವರ್ಷ ಒಂದರದೇ ಐವತ್ತಕ್ಕೂ ಹೆಚ್ಚು. ಅವಳು ಎಡಗೈಯಿಂದ ಒಂದೊಂದನ್ನೇ ಎತ್ತಿ ಓದಿದಳು.

"ಬ್ರಿಸ್ಕ್. ಪ್ರಯೋಗ: ಮಳೆ ಹನಿಯುವ ಮೊದಲೇ ಮನೆ ಸೇರಬೇಕೆಂದು ಬಾಯಾರು ಬ್ರಿಸ್ಕ್ ಆಗಿ ನಡೆದರು."

"ಫ್ರೇಲ್. ಪ್ರಯೋಗ: ಈ ವಾರ ಬಾಯಾರು ಫ್ರೇಲ್ ಆಗಿ ಕಂಡರು, ಮೂರು ಸಲ ಕೆಮ್ಮಿದರು."

"ಶ್ಯಾಬಿ. ಪ್ರಯೋಗ: ಬಾಯಾರ ಚಪ್ಪಲಿ ಶ್ಯಾಬಿ ಆಗಿವೆ, ಹೊಸದು ಕೊಳ್ಳಬಾರದೇ?"

ಅವಳು ಓದುವುದನ್ನು ನಿಲ್ಲಿಸಿದಳು. ಹೊರಗೆ ಟ್ರೆಡಲ್ ಮಶೀನು ಮದುವೆ ಕಾರ್ಡು ಉಗುಳುತ್ತಿತ್ತು.

"ಗುರುವಾರ ಕಡೇ ತಾಸು ನನಗ ಇರೂದಿಲ್ಲ," ಎಂದಳು. "ನಾಲ್ಕಕ್ಕ ಒಬ್ಬಾಕೀನ ಗೇಟಿನಿಂದ ಹೊರಗ ಬರ್ತೀನಿ. ಹತ್ತು ವರ್ಷದಿಂದ."

ಹತ್ತು ವರ್ಷ ಪ್ರತಿ ಗುರುವಾರ ಆ ಮನುಷ್ಯ ಖಾನಾಪುರದಿಂದ ರೈಲು ಹತ್ತಿ ಬಂದು, ರಸ್ತೆಯ ಈಚೆ ನಿಂತು, ಮಗಳು ಗೇಟು ದಾಟುವುದನ್ನು ನೋಡಿ, ಮರಳಿ ಹೋಗಿ ಚೀಟಿ ಬರೆದಿದ್ದಾನೆ. ಎ ಒಂದು ಡಬ್ಬಿಗೆ, ಎಸ್ ಇನ್ನೊಂದು ಡಬ್ಬಿಗೆ ಹೋದದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನನ್ನನ್ನು ಯಾರೂ ಹಾಗೆ ದೂರದಿಂದ ಒಂದು ದಿನವೂ ನೋಡಿಲ್ಲ.

"ಮಾತು ಯಾಕ ಬಿಟ್ಟಿದ್ರಿ?"

"ಒಬ್ಬರನ್ನ ಲಗ್ನ ಆಗ್ತೀನಿ ಅಂದಿದ್ದೆ. ಬ್ಯಾರೆ ಜಾತಿಯವರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಚೀಟಿ ಬರಕೋತ ಕುಂತ್ರು. ಬೈದಿದ್ದರ ಜಗಳಾ ಮಾಡತಿದ್ದೆ. ನಾ ಲಗ್ನ ಆಗಬೇಕಂದಿದ್ದವರು ಎರಡು ವರ್ಷ ಹಾದಿ ನೋಡಿ ಬ್ಯಾರೆ ಕಡೆ ಲಗ್ನ ಆದರು." ಅವಳು ಎ ಡಬ್ಬಿಯ ಕಡೆ ಕೈ ತೋರಿಸಿದಳು. "ನಮ್ಮ ಅಪ್ಪಗ ಒಂದು ಶಬ್ದ ಹುಡುಕಂದ್ರ ನಾ ಅಲೂಫ್ ಅಂತ ಹುಡುಕತಿದ್ದೆ."

"ಹಂಗಂದ್ರ?"

"ಜನರ ನಡುವ ಇದ್ದೂ ದೂರ ನಿಂತಾವರು. ಹತ್ತರ ಹೋದರ ಒಂದು ಹೆಜ್ಜಿ ಹಿಂದ ಸರೀತಾರ. ಇಂಗ್ಲಿಷ್‌ನಾಗ ದೊಡ್ಡ ಸಾಹೇಬರಿಗೆ ಅಂತಾರ, ಬೆಕ್ಕಿಗೂ ಅಂತಾರ."

"ನಮ್ಮ ಹಳೇ ಡಿ.ಎಸ್.ಪಿ. ಸಾಹೇಬ್ರಿಗೆ ಬರೋಬ್ಬರಿ ಆಗತೈತಿ," ಎಂದೆ. ಅವಳು ನಕ್ಕಳು. ಮೂರು ದಿನದಲ್ಲಿ ಅದೇ ಮೊದಲು.

ಆ ಶಬ್ದದ ಚೀಟಿ ಹುಡುಕಿದೆವು. ಒಂದು ಸಿಗಬೇಕಾದಲ್ಲಿ ಮೂರು ಸಿಕ್ಕವು. ಮಾಸ್ತರರು ಬೇರೆ ಯಾವ ಶಬ್ದವನ್ನೂ ಎರಡನೆಯ ಸಲ ಬರೆದದ್ದೇ ಇಲ್ಲ ಎಂದು ಗುರುಪುತ್ರಪ್ಪನವರು ಆಣೆ ಮಾಡಿದರು.

ಮೊದಲನೆಯದು ಹತ್ತೊಂಬತ್ತುನೂರ ಅರವತ್ತೊಂದರದು. ಅರ್ಥ: ಬಿಗುಮಾನದವ. ಪ್ರಯೋಗ: ಹೊಸ ಹೆಡ್‌ಮಾಸ್ತರರು ಟೀ ವೇಳೆಯಲ್ಲಿ ಅಲೂಫ್ ಆಗಿ ಕುಳಿತರು.

ಎರಡನೆಯದು ಅರವತ್ತೆಂಟರದು. ಅರ್ಥದ ಜಾಗ ಖಾಲಿ. ಪ್ರಯೋಗ: ಮಗಳು ಕೇಳುತ್ತಿದ್ದಳು, ತಂದೆ ಅಲೂಫ್ ಆಗಿ ಕುಳಿತಿದ್ದ.

ಮೂರನೆಯದನ್ನು ನಾನೇ ಎತ್ತಿದೆ. ಹೋದ ಶನಿವಾರದ ಕಟ್ಟಿನಲ್ಲಿ ಬಂದದ್ದು. ಮೂಲೆಯಲ್ಲಿ ತಾರೀಖಿರಲಿಲ್ಲ. ಇಪ್ಪತ್ತೊಂದು ವರ್ಷದ ಚೀಟಿಗಳಲ್ಲಿ ತಾರೀಖಿಲ್ಲದ್ದು ಇದೊಂದೇ.

"ಓದ್ರಿ," ಎಂದೆ.

"ಅರ್ಥ: ದೂರ ನಿಂತಿರುವ. ಸೊಕ್ಕಿನಿಂದ ಎಂದು ನಾನು ಹಿಂದೆ ಬರೆದದ್ದು ತಪ್ಪು. ಮೂಲ: ಹಡಗಿನವರ ಮಾತು. ಗಾಳಿ ಹಡಗನ್ನು ದಡದ ಬಂಡೆಗಳ ಕಡೆ ತಳ್ಳುವಾಗ, ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ದಡದಿಂದ ದೂರ ಇರಿಸು ಎಂದು ಚುಕ್ಕಾಣಿ ಹಿಡಿದವನಿಗೆ ಕೊಡುತ್ತಿದ್ದ ಆಜ್ಞೆ. ದಡ ಕಾಣುತ್ತಿರುತ್ತದೆ, ಮುಟ್ಟುವಂತಿಲ್ಲ."

ಅವಳು ಉಸಿರು ತೆಗೆದುಕೊಂಡಳು.

"ಪ್ರಯೋಗ: ಬಲಗೈಗೆ ಬಿಳಿ ಬಟ್ಟೆ ಸುತ್ತಿದ ಬಾಯಾರು ಎಡಗೈಯಲ್ಲಿ ವಹಿಗಳ ಕಟ್ಟು ಹಿಡಿದು ಗೇಟು ದಾಟಿದರು, ರಸ್ತೆಯ ಆಚೆ ಒಬ್ಬ ಅಲೂಫ್ ಆಗಿ ನಿಂತಿದ್ದ."

ಅವಳ ಕಣ್ಣು ತನ್ನ ಬಲಗೈಗೆ ಹೋಯಿತು. ನನ್ನದೂ ಹೋಯಿತು.

"ಇದು ಯಾವಾಗ ಸುಟ್ಟದ್ದು?"

"ಸಂಕ್ರಾಂತಿ ಕುಸರೆಳ್ಳು ಮಾಡಾಕ ಸಕ್ಕರಿ ಪಾಕ ಇಟ್ಟಿದ್ದೆ. ಮಂಗಳವಾರ. ಒಂಬತ್ತನೇ ತಾರೀಖು."

"ಮತ್ತ ಹೆಣ ಸಿಕ್ಕದ್ದು ಐದಕ್ಕ!" ನಾನು ಜೋರಾಗಿಯೇ ಹೇಳಿಬಿಟ್ಟೆ. "ಮಾಸ್ತರ ಹನ್ನೊಂದರ ಗುರುವಾರ ನಿಮ್ಮನ್ನ ನೋಡ್ಯಾರ. ಜೀವಂತ ಅದಾರ!"

ರತ್ನಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬಾಗಿಲಲ್ಲಿ ಚಹದ ಟ್ರೇ ಹಿಡಿದು ನಿಂತಿದ್ದ ಗುರುಪುತ್ರಪ್ಪನವರು, "ಭಗವಂತ ದೊಡ್ಡಾಂವ," ಎಂದು ಕಣ್ಣೊರೆಸಿಕೊಂಡರು. ಚಹ ಬಟ್ಟಲಿಂದ ತಟ್ಟೆಗೆ ಚೆಲ್ಲಿತ್ತು.

ಹೊರಡುವಾಗ ಇನ್ನೊಂದು ಕಂಡಿತು. ಹೋದ ವರ್ಷದ ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿದಿತ್ತು. ನವೆಂಬರ್ ಇಪ್ಪತ್ತು ಇತ್ತು, ಇಪ್ಪತ್ತೆರಡು ಇತ್ತು, ನಡುವಿನದಿಲ್ಲ.

"ಜ್ವರಾ ಬಂದಿರಬೇಕ್ರಿ," ಎಂದರು ಗುರುಪುತ್ರಪ್ಪನವರು. "ನಾ ಖಾನಾಪುರಕ್ಕ ಕಾಲಿಟ್ಟು ಹನ್ನೆರಡು ವರ್ಷಾತು, ನನಗೇನು ಗೊತ್ತು?"

ನಾನು ಹಾಗೆ ಕೇಳಿಯೇ ಇರಲಿಲ್ಲ. ಆಗ ಅದು ತಲೆಗೆ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಖಾನಾಪುರ ಮುಟ್ಟಿದೆವು. ಸತ್ಯವ್ವನ ಮನೆ ಊರ ಹೊರಗೆ, ಹಂಚಿನ ಭಟ್ಟಿಗಳ ಸಾಲಿನ ಕೊನೆಗೆ. ಕುಂಬಾರರ ಮುದುಕಿ, ಗಂಡ ತೀರಿದ ಮೇಲೆ ಹಿಂದಿನ ಕೋಣೆಯನ್ನು ಮಾಸ್ತರರಿಗೆ ಬಾಡಿಗೆಗೆ ಕೊಟ್ಟವಳು. ಅಂಗಳದಲ್ಲಿ ಹಸಿ ಗಡಿಗೆಗಳನ್ನು ಬಿಸಿಲಿಗೆ ತಿರುಗಿಸಿಡುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬರ್ರಿ. ಕುಂದರ್ರಿ. ಪೊಲೀಸರಿಗೆ ಹೇಳಬೇಕಾದ್ದು ಹೇಳೀನಿ."

"ನಾ ಪೊಲೀಸ ಅಲ್ಲವಾ. ಪಿಂಚಣಿ ತಗೊಳ್ಳಾವ."

"ವಾಸನಿ ಹಂಗ ಉಳದೈತಿ," ಎಂದಳು ಸತ್ಯವ್ವ.

ಒಳಗೆ ಹೋಗಿ ಕುಳಿತೆವು. ಕೋಣೆಯಲ್ಲಿ ಒಲೆಯ ಹೊಗೆ, ಮೂಲೆಯಲ್ಲಿ ನೀರಿನ ಕೊಡಗಳು. ಮಾಸ್ತರರ ಕೋಣೆಗೆ ಬೀಗ.

"ಈ ಎರಡು ವಾರದ ಚೀಟಿ ಯಾರು ಕೊಟ್ರು?"

"ಯಾರು ಕೊಡ್ತಾರ? ಪೆಟ್ಟಿಗ್ಯಾಗ ಹಳೇವು ಇದ್ವು. ಹಾಕಿದೆ."

"ನಿಮಗ ಓದಾಕ ಬರತೈತೇನು?"

"ಇಲ್ರಿ."

"ಮತ್ತ ಯಾವದು ಕಳಿಸಿದ್ದು, ಯಾವದು ಉಳಿದದ್ದು, ಹ್ಯಾಂಗ ಗೊತ್ತಾತು?"

"ಮ್ಯಾಲಿನದು ತಗದು ಹಾಕಿದೆ. ಅದಕ್ಕ ಸಾಲಿ ಕಲೀಬೇಕೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ರತ್ನಮಾಲಾ ಎದ್ದು ನೀರಿನ ಕೊಡಗಳ ಕಡೆ ಹೋದಳು. ಎರಡು ಕೊಡ. ಒಂದಕ್ಕೆ ಬರಿಯ ತಟ್ಟೆ ಮುಚ್ಚಿತ್ತು. ಇನ್ನೊಂದರ ಬಾಯಿಗೆ ಎರಡು ಮಡಿಕೆ ಬಿಳಿ ಬಟ್ಟೆ ಬಿಗಿದು ಕಟ್ಟಿತ್ತು. ಅವಳು ಬಟ್ಟೆಯನ್ನು ಎಡಗೈ ಬೆರಳಿನಿಂದ ಮುಟ್ಟಿದಳು.

"ಹಸಿ ಅದ," ಎಂದಳು. "ನೀವು ನೀರು ಸೋಸಿ ಕುಡೀತೀರೇನು, ಸತ್ಯವ್ವಾ?"

ಸೋಸದ ನೀರನ್ನು ಬಾಯಿಗೆ ಮುಟ್ಟಿಸದವರು ಮಾಸ್ತರರಂಥ ಜೈನರು. ಇವಳ ಮನೆಯಲ್ಲಿ ಅದನ್ನು ಮಾಡುತ್ತಿದ್ದದ್ದು ಒಬ್ಬರಿಗಾಗಿ ಮಾತ್ರ. ಆ ಒಬ್ಬರು ಸತ್ತು ಹದಿಮೂರು ದಿನವಾಗಿತ್ತು, ಬಟ್ಟೆ ಇವತ್ತಿನದು.

"ಪಲ್ಯಾಕೂ ಉಳ್ಳಾಗಡ್ಡಿ ಹಾಕಿಲ್ಲ," ಎಂದಳು ರತ್ನಮಾಲಾ, ಒಲೆಯ ಬಳಿಯ ಸಣ್ಣ ಗಡಿಗೆಯ ಮುಚ್ಚಳ ಎತ್ತಿ. ದೊಡ್ಡ ಗಡಿಗೆಯಲ್ಲಿ ಹಾಕಿತ್ತು. "ಒಬ್ಬಾಕಿಗೆ ಎರಡು ಗಡಿಗಿ ಯಾಕ?"

"ಯವ್ವಾ, ಕೇಳಬ್ಯಾಡ."

"ಅವರು ನಮ್ಮ ಅಪ್ಪ."

"ಅದಕ್ಕ ಕೇಳಬ್ಯಾಡ ಅನ್ನಾಕತ್ತೀನಿ!" ಸತ್ಯವ್ವನ ಕೂಗಿಗೆ ಹೊರಗಿನ ಕೋಳಿಗಳು ಓಡಿದವು. ಆಮೇಲೆ ಅವಳು ಗೋಡೆಗೆ ಒರಗಿ ಕುಳಿತಳು, ಮಣ್ಣಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು.

"ಯಾವಾಗ ಬರ್ತಾರ?" ಎಂದು ಕೇಳಿದೆ.

"ಬರೂದಿಲ್ಲ. ನಾನ ಒಯ್ದು ಕೊಡ್ತೀನಿ. ಹೊತ್ತು ಮುಳುಗೂದರಾಗ ಉಣ್ಣಬೇಕಲ್ಲ ಅವರು." ಎಲ್ಲಿಗೆ ಎಂದು ಹೇಳಲಿಲ್ಲ.

"ಕೋಟು?"

"ಕೊಟ್ಟರು. ಸ್ಟೇಶನ್ನಿನಾಗ ಒಬ್ಬ ಬೈರಾಗಿ ಇದ್ದ, ಥಂಡಿಗೆ ನಡಗಾಕತ್ತಿದ್ದ. ಅವತ್ತ ಗುರುವಾರ, ಬೆಳಗಾಂವಿಯಿಂದ ಇಳದಾವರ ತಮ್ಮ ಮೈಮ್ಯಾಲಿನದು ತಗದು ಅವನ ಮೈಮ್ಯಾಲೆ ಹಾಕಿ ಬಂದರು. ಹಳೇ ಚಷ್ಮಾ ಕಿಸೇದಾಗ ಉಳೀತು. ಮರುದಿನ ಆ ಬೈರಾಗಿ ಹಳಿ ಮ್ಯಾಲೆ."

"ರೈಲು ಬಡದಿರಬೇಕು."

"ಸಾಹೇಬ್ರ, ಹದಿನಾಲ್ಕು ವರ್ಷ ಆ ಮನಿಶಾ ಅದ ಸ್ಟೇಶನ್ನಿನಾಗ ಇದ್ದ. ಯಾವ ಗಾಡಿ ಯಾವಾಗ ಅನ್ನೂದು ಸ್ಟೇಶನ್ ಮಾಸ್ತರಗಿಂತ ಅವಗ ಖರೇ ಗೊತ್ತಿತ್ತು. ಅವ ತಾನ ಬೀಳಾವ ಅಲ್ಲ. ಹಿಂದಿನಿಂದ ನೋಡಿದಾವರಿಗೆ ಕೋಟು ಕಂಡಿತು, ನೂಕಿದರು."

ರತ್ನಮಾಲಾ ಕೈಯಲ್ಲಿದ್ದ ಮುಚ್ಚಳವನ್ನು ಗಡಿಗೆಯ ಮೇಲೆ ಇಟ್ಟಳು.

ಸತ್ಯವ್ವ ಒಮ್ಮೆ ಹೇಳಲು ತೊಡಗಿದ ಮೇಲೆ ನಿಲ್ಲಿಸಲಿಲ್ಲ. ನವೆಂಬರಿನಲ್ಲಿ ಒಂದು ದಿನ ಮಾಸ್ತರರು ತಿರುಗಾಡಿ ಬಂದವರು ಊಟ ಮುಟ್ಟಲಿಲ್ಲವಂತೆ. ಉಳವಪ್ಪನೆಂಬ ಕಟ್ಟಿಗೆ ಗುತ್ತಿಗೆದಾರನ ಅಡ್ಡೆಯ ಹಿಂದೆ ಏನೋ ನೋಡಿದ್ದರು. ಕಾಡು ಕಾಯುವ ಸಿದ್ದಪ್ಪ ಅವತ್ತಿನಿಂದ ಇವತ್ತಿನವರೆಗೆ ಮನೆಗೆ ಬಂದಿಲ್ಲ. ಎಂಟು ದಿನವಾದ ಮೇಲೆ ಉಳವಪ್ಪನ ಕಡೆಯ ಇಬ್ಬರು ಬಂದು, "ಮಾಸ್ತರ, ನಿಮ್ಮ ಮಗಳು ಟಿಳಕವಾಡಿಯೊಳಗ ಒಬ್ಬಾಕೀನ ಇರ್ತಾಳಲ್ಲ?" ಎಂದು ನಗುತ್ತ ಕೇಳಿ ಹೋದರಂತೆ.

"ಬೈರಾಗಿ ಸತ್ತ ದಿನ ಅಂದ್ರು, ಸತ್ಯವ್ವಾ, ನಾ ಸತ್ತೀನಿ, ಛಲೋ ಆತು. ನಾ ಇದ್ದರ ಮಗಳನ್ನ ಹಿಡಿತಾರ. ಸತ್ತಾವನ ಮಗಳನ್ನ ಯಾರು ಕೇಳ್ತಾರ?" ಅವಳು ರತ್ನಮಾಲಾಳ ಕಡೆ ತಿರುಗಿದಳು. "ಇವತ್ತ ನೀ ಸಹಿ ಹಾಕಬೇಕವಾ. ಹಾಕಿದರ ಅವರು ಉಳೀತಾರ. ನೀನೂ ಉಳೀತಿ."

ಮೂರು ದಿನದಿಂದ ಸಹಿ ಹಾಕಬಾರದೆಂದು ಚೀಟಿ ಹುಡುಕಿದವರು ನಾವು. ಈಗ ಅಪ್ಪ ಬದುಕಿದ್ದಾನೆಂದು ಗೊತ್ತಾದ ದಿನವೇ ಸತ್ತಿದ್ದಾನೆಂದು ಬರೆದುಕೊಡಬೇಕು.

"ಪೊಲೀಸರಿಗೆ ಯಾಕ ಹೇಳಲಿಲ್ಲ?" ಎಂದೆ.

"ಅದ ಮಾಸ್ತರ ಚಿಂತಿ. ಯಾರ ಮುಂದೂ ಬಾಯಿ ಬಿಟ್ಟಿಲ್ಲ ಸತ್ಯವ್ವಾ, ಅಂದ್ರೂ ಉಳವಪ್ಪಗ ಹ್ಯಾಂಗ ಗೊತ್ತಾತು ಅಂತ ದಿನಾ ಕೇಳ್ತಾರ. ಯಾರನ್ನೂ ನಂಬವಲ್ಲರು."

"ಅವತ್ತ ಚೀಟಿ ಬರದಿದ್ದರೇನು?"

"ಚೀಟಿ ಬರೀದ ಹ್ಯಾಂಗ ಇರ್ತಾರ?"

"ಯಾವ ತಾರೀಖು?"

"ತಾರೀಖು ನನಗೇನು ಗೊತ್ತು? ಸಿದ್ದಪ್ಪನ ಹೆಂಡತಿ ಅಳಕೋತ ಹೇಳ್ತಾಳ, ನವೆಂಬರ ಇಪ್ಪತ್ತೊಂದು ಅಂತ."

ನಾನು ಕುಳಿತಲ್ಲಿಂದ ಎದ್ದೆ. ಮೊಣಕಾಲು ನೋಯಲಿಲ್ಲ.

ಮಾಸ್ತರರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಚೀಟಿ ಬರೆಯುವುದು ಯಾರಿಗೋ ಹೇಳುವುದಲ್ಲ. ಅದು ಉಸಿರಾಡಿದ ಹಾಗೆ. ಕಂಡದ್ದನ್ನು ಬರೆದು, ಮಡಿಸಿ, ಶನಿವಾರ ಪೋಸ್ಟಿಗೆ ಕೊಟ್ಟು, ಯಾರಿಗೂ ಹೇಳಿಲ್ಲ ಎಂದು ನಂಬಿ ಕುಳಿತಿದ್ದರು. ಆ ಚೀಟಿಗಳನ್ನು ಓದುವವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಇಪ್ಪತ್ತೊಂದರ ಚೀಟಿಯನ್ನು ಆತ ಯಾವ ಡಬ್ಬಿಗೂ ಹಾಕಲಿಲ್ಲ, ಉಳವಪ್ಪನಿಗೆ ಮುಟ್ಟಿಸಿದ.

ನಾನು ಮಾಡಿದ್ದಾದರೂ ಏನು? ಅದೇ ಮನುಷ್ಯನ ಮುಂದೆ, ಅವನದೇ ಚಹಕ್ಕೆ ಕಾಯುತ್ತ, "ಜೀವಂತ ಅದಾರ" ಎಂದು ಕೂಗಿದ್ದೆ. ಪ್ರೆಸ್ಸಿನ ಕಪಾಟು ಕಂಡ ಹಾಗೆ ಅವನನ್ನೂ ಕಂಡಿದ್ದೆ. ಮೂವತ್ತೊಂದು ವರ್ಷದ ನೌಕರಿ ನನಗೆ ಇಷ್ಟೂ ಕಲಿಸಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಠಾಣೆಗೆ ನಡೆಯುವ ದಾರಿಯಲ್ಲಿ ಎಲ್ಲವನ್ನೂ ರತ್ನಮಾಲಾಳಿಗೆ ಹೇಳಿದೆ. ಅವಳು ಬಯ್ಯಲಿಲ್ಲ.

"ಗುರುಪುತ್ರಪ್ಪನವರು ನಮ್ಮ ಅವ್ವ ಸತ್ತಾಗ ಮೂರು ದಿನ ನಮ್ಮ ಮನ್ಯಾಗ ಇದ್ದರು ಕಾಕಾ," ಎಂದಳು ಆಮೇಲೆ. "ಅಪ್ಪಗ ಇರೂ ಗೆಳೆಯಾ ಅಂದ್ರ ಅವರೊಬ್ಬರ."

ಖಾನಾಪುರದ ಫೌಜದಾರ ಎಳೆಯ ಹುಡುಗ, ಮೀಸೆ ಈಗಷ್ಟೇ ಮಾತು ಕೇಳತೊಡಗಿತ್ತು. ಕೋಟನ್ನು ಮೇಜಿನ ಮೇಲೆ ಹಾಸಿ ಕಾಗದ ಮುಂದಿಟ್ಟ. ರತ್ನಮಾಲಾ ಕೋಟಿನ ತೋಳನ್ನು ಕೈಯಲ್ಲಿ ಹಿಡಿದಳು. ಮೊಣಕೈ ಬಳಿ ತೇಪೆ, ಕಪ್ಪು ದಾರದಲ್ಲಿ ಗಂಡಸಿನ ಹೊಲಿಗೆ. ಒಂಟಿ ಮನುಷ್ಯ ತಾನೇ ಹಾಕಿಕೊಂಡದ್ದು.

"ಗೊತ್ತಿದ್ದಷ್ಟ ಬರೀರಿ," ಎಂದು ಮೆಲ್ಲಗೆ ಹೇಳಿದೆ. ಸುಳ್ಳು ಸಾಕ್ಷಿಗೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ.

ಅವಳು ಎಡಗೈಯಿಂದ ಸೊಟ್ಟ ಅಕ್ಷರಗಳಲ್ಲಿ ಬರೆದಳು. "ಈ ಕೋಟು, ಈ ಕನ್ನಡಕ ನಮ್ಮ ತಂದೆಯವರವು." ಕೆಳಗೆ ಸಹಿ.

"ಇಷ್ಟ ಸಾಕ್ರಿ," ಎಂದ ಫೌಜದಾರ. ಕಾಗದ ಕಡತದೊಳಗೆ ಹೋಯಿತು. ಒಬ್ಬ ಮನುಷ್ಯ ಸಾಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬಂದಾಗ ನಾಲ್ಕು ಗಂಟೆಯ ಬಿಸಿಲು. ರಸ್ತೆಯ ಆಚೆ ಒಂದು ಚಹದಂಗಡಿ, ಅದರ ಬಾಜೂಕ್ಕೆ ಬಸ್ ನಿಲ್ಲುವ ಜಾಗ. ಅಂಗಡಿಯ ಬೆಂಚಿನ ಕೊನೆಯಲ್ಲಿ, ಉಳಿದ ಗಿರಾಕಿಗಳಿಂದ ಮೂರು ಮೊಳ ದೂರ, ತಲೆಯಿಂದ ಕಂಬಳಿ ಹೊದ್ದ ಒಬ್ಬ ಮುದುಕ ಕುಳಿತಿದ್ದ. ಮುಂದಿನ ಚಹ ಆರಿತ್ತು. ಮುಖ ಕಾಣುತ್ತಿರಲಿಲ್ಲ, ಕಂಬಳಿಯ ಅಂಚಿನಿಂದ ಹೊರಗಿದ್ದ ಬಲಗೈ ಬೆರಳಲ್ಲಿ ಶಾಯಿಯ ಕಲೆ ಕಾಣುತ್ತಿತ್ತು.

ಗುರುವಾರ, ನಾಲ್ಕು ಗಂಟೆ. ಸತ್ಯವ್ವ ಸುದ್ದಿ ಮುಟ್ಟಿಸಿದ್ದಳು.

ನನ್ನ ಕಾಲು ಆ ಕಡೆ ತಿರುಗಿತು.

"ನೋಡಬ್ಯಾಡ್ರಿ ಕಾಕಾ," ಎಂದಳು ರತ್ನಮಾಲಾ. ಅವಳು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿದರೆ ಅತ್ತದ್ದು ದೂರದವರಿಗೆ ಗೊತ್ತಾಗುತ್ತದೆ. "ಇವತ್ತ ಹೊಸಾ ಚಪ್ಪಲಿ ಹಾಕ್ಕೊಂಡೀನಿ. ನಿನ್ನೆ ಸಂಜೀಕ ತಗೊಂಡೆ. ಅವರಿಗೆ ಕಾಣಲಿ."

ಅಷ್ಟರಲ್ಲಿ ಬೆಳಗಾವಿಯ ಕೆಂಪು ಬಸ್ಸು ಧೂಳೆಬ್ಬಿಸಿ ನಿಂತಿತು. ಇಳಿದವರಲ್ಲಿ ಎರಡನೆಯವರು ಗುರುಪುತ್ರಪ್ಪನವರು.

ಹನ್ನೆರಡು ವರ್ಷ ಖಾನಾಪುರಕ್ಕೆ ಕಾಲಿಡದ ಮನುಷ್ಯ ಠಾಣೆ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ನೇರವಾಗಿ ನಮ್ಮತ್ತ ಬಂದರು.

"ಬಾಯಾರ ಒಬ್ಬರ ಇರಬಾರದು ಅಂತ ಬಂದೆ ನೋಡ್ರಿ. ಸಹಿ ಆತೇನು?"

"ಆತ್ರಿ," ಎಂದಳು ರತ್ನಮಾಲಾ.

"ಛಲೋ ಆತು. ಆ ತಾರೀಖಿಲ್ಲದ ಅಲೂಫ್ ಚೀಟಿ ಡಬ್ಬ್ಯಾಗ ಸಿಗಲಿಲ್ಲ. ನಿಮ್ಮ ಕಡೆ ಉಳದೈತಿ ಅಂತ ಕಾಣ್ತೈತಿ." ಮಾತಾಡುತ್ತಲೇ ಅವರ ಕಣ್ಣು ಬೀದಿಯನ್ನು ಗುಡಿಸುತ್ತಿತ್ತು. ಠಾಣೆಯ ಬಾಗಿಲು, ಪಾನ್ ಅಂಗಡಿ, ಚಹದಂಗಡಿ. ಬೆಂಚಿನ ಆ ತುದಿಗೆ ಹೋಗುವ ಮೊದಲೇ ರತ್ನಮಾಲಾ ಎರಡು ಹೆಜ್ಜೆ ಸರಿದು ಅವರ ಎದುರಿಗೆ ನಿಂತಳು. ಬೆಂಚಿಗೆ ಅವಳ ಬೆನ್ನು.

"ಬ್ಯಾಗಿನಾಗ ಅದ. ಬಸ್ಸಿನಾಗ ಕೊಡ್ತೀನಿ, ನಡೀರಿ. ಇದ ಬಸ್ಸು ತಿರುಗಿ ಹೊಂಟೈತಿ."

"ಈಗ ಬಂದೀನಲ್ರೀ, ಒಂದು ಚಹಾ ಆದರೂ..."

"ನನಗ ಇಲ್ಲಿ ನಿಂದರಾಕ ಆಗವಲ್ದು ಗುರುಪುತ್ರಪ್ಪನವರ. ನಮ್ಮ ಅಪ್ಪ ಇಲ್ಲದ ಊರು ಇದು. ಮನೀಮಟಾ ಬಿಟ್ಟು ಬರ್ರಿ." ಸುಟ್ಟ ಕೈಯನ್ನು ಮುಂದೆ ಚಾಚಿದಳು. "ಈ ಕೈಲೆ ಬಸ್ಸು ಹತ್ತಾಕ ಬರೂದಿಲ್ಲ, ಹಿಡೀರಿ."

ನಾಲ್ಕು ಜನರ ಮುಂದೆ ಇಲ್ಲ ಎನ್ನಲು ಅವರಿಗೆ ಆಗಲಿಲ್ಲ. ನಾನೂ ಹಿಂದೆ ಹೊರಟೆ. ಮೆಟ್ಟಿಲ ಮೇಲೆ ನಿಂತು ಅವಳು ತಿರುಗಿದಳು.

"ಕಾಕಾ, ನಿಮಗ ಚಹಾ ಬೇಕಾಗಿತ್ತಲ್ಲ. ಕುಡದು ಮುಂದಿನ ಬಸ್ಸಿಗೆ ಬರ್ರಿ."

ದನಿ ನಡುಗಲಿಲ್ಲ. ಯಾರನ್ನು ನೋಡಿಕೊಳ್ಳಬೇಕೆಂದು ಹೇಳುತ್ತಿದ್ದಾಳೆ ಎಂಬುದು ನನಗೆ ಗೊತ್ತಾಯಿತು. ತಾನು ಯಾರ ಪಕ್ಕ ಕೂರಲಿದ್ದಾಳೆ ಎಂಬುದೂ ಅವಳಿಗೆ ಗೊತ್ತಿತ್ತು. ಕಂಡಕ್ಟರು ಗಂಟೆ ಎಳೆದ. ಬಸ್ಸು ಹೊರಟಿತು. ನಾನು ಧೂಳಿನ ನಡುವೆ ಒಬ್ಬನೇ ನಿಂತೆ.

ಬೆಂಚಿನ ಬಳಿ ಹೋಗಿ ಕುಳಿತೆ. ಕಂಬಳಿಯೊಳಗಿನ ಕಣ್ಣುಗಳು ಬಸ್ಸು ಹೋದ ದಾರಿಯಲ್ಲೇ ಇದ್ದವು. ಧೂಳು ಕೂತಿತು. ಆಮೇಲೆ ಹತ್ತು ವರ್ಷದ ಭಾರ ಇಳಿಸಿದ ಹಾಗೆ ಉಸಿರು ಬಿಟ್ಟು, ತಮ್ಮಷ್ಟಕ್ಕೇ ಅಂದರು:

"ಆಕಿ ಒಬ್ಬಾಕೀನ ಹೋಗಲಿಲ್ಲ, ಪುಣ್ಯಾ. ಗುರುಪುತ್ರಪ್ಪ ಜೋಡಿ ಅದಾನ."